ಮಾನ್ವಿಯ ಹೊಗೆಗೆ ಕಾಲಂ ಇಲ್ಲ

ನೆಲ್ಲು ಕೊಯ್ಲಾದ ವಾರ ಸಂಜೆ ಹೊತ್ತು ಮಾನ್ವಿ–ಸಿಂಧನೂರು ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ಹೊಗೆಯ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಯಂತ್ರ ಕೊಯ್ದು ಬಿಟ್ಟ ಹುಲ್ಲು, ಕೂಳೆ ಗದ್ದೆಯಲ್ಲೇ ಉರಿಯುತ್ತದೆ. ದೇವದುರ್ಗದ ಕಡೆ ಹತ್ತಿ ಕಟ್ಟಿಗೆಯ ರಾಶಿಗೆ ಬೆಂಕಿ. ಅಕ್ಕಿ ಗಿರಣಿಯ ಬಾಯ್ಲರ್ ಉಮಿ ತಿಂದು ಬೂದಿ ಉಗುಳುತ್ತದೆ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯೇ ಸಾಕ್ಷಿ. ಇನ್ನು ರಾಯಚೂರಿನ ಮಗ್ಗುಲಿಗೆ ಶಕ್ತಿನಗರದ 1,720 ಮೆಗಾವಾಟ್, ಯರಮರಸ್‌ನ 1,600 ಮೆಗಾವಾಟ್ ಕಲ್ಲಿದ್ದಲು ಸ್ಥಾವರಗಳು.

ಇಷ್ಟಿದ್ದೂ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ನಾಲ್ಕೇ ಕಡೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ರಾಯಚೂರೇ ಇಲ್ಲ, ಮಾನ್ವಿಯನ್ನು ಕೇಳುವವರಾರು? ಐದು ವರ್ಷ ಅಳೆದು, ಮಿತಿ ಮೀರಿದ್ದು ಕಂಡರೆ ಪಟ್ಟಿಗೆ ಸೇರಿಸುವುದು ಕ್ರಮ. ಅಳೆಯುವ ಯಂತ್ರವೇ ಇಲ್ಲದ ಊರು ಮಿತಿ ಮೀರುವುದಾದರೂ ಹೇಗೆ? ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಜ್ವರವೂ ಇಲ್ಲ ಎಂದು ಬರೆದುಕೊಂಡಂತಾಯಿತು. ಸ್ಥಾವರಗಳ ಗಂಧಕದ ಹೊಗೆ ತೊಳೆಯುವ ಯಂತ್ರ ಯಾರಿಗೆ ಕಡ್ಡಾಯ, ಯಾರಿಗೆ ವಿನಾಯಿತಿ ಎಂಬ 2025ರ ಜುಲೈ ಆದೇಶಕ್ಕೂ ಊರಿನ ಜನಸಂಖ್ಯೆ ಮತ್ತು ಇಂಥ ಪಟ್ಟಿಗಳೇ ಅಳತೆಗೋಲು.

ಹಾಗೆಂದು ಅದೇ ಅಚ್ಚಿನ ಹಣ ಮಾನ್ವಿಗೂ ಬರಲಿ ಎನ್ನುವಂತಿಲ್ಲ. ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಾಗ, ಈ ಕಾರ್ಯಕ್ರಮದ ಹಣದಲ್ಲಿ ಶೇ 64ರಷ್ಟು ರಸ್ತೆ ದೂಳಿಗೇ ಹೋಗಿತ್ತು. ಕೈಗಾರಿಕೆಯ ಪಾಲು ಶೇ 1 ಕೂಡ ಇರಲಿಲ್ಲ. ಮರಳು ಟಿಪ್ಪರ್ ಓಡುವ ನಮ್ಮ ರಸ್ತೆಗಳಲ್ಲಿ ದೂಳಿಗೇನೂ ಬರವಿಲ್ಲ, ನಿಜ. ಆದರೆ ಗುಡಿಸುವ ಯಂತ್ರ ಗದ್ದೆಗೆ ಇಳಿಯುವುದಿಲ್ಲ.

ಹಾಗಾದರೆ ರಾಜ್ಯ ಏನನ್ನು ಲೆಕ್ಕ ಹಾಕಬೇಕು? ಮೊದಲು ಮನುಷ್ಯರನ್ನು. ಕೈಯಿಂದ ನಡೆಸುವ ಮಾಪಕ ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ ಓಡಬೇಕು. ಆ ದಿನಗಳಲ್ಲಿ ಎಂಟು ತಾಸಿಗೊಮ್ಮೆ ಸೋಸುಕಾಗದ ಬದಲಿಸಬೇಕು. ಇದಕ್ಕೆ ರಾಯಚೂರಿನಿಂದಲೇ ಜನ ಬರುವುದಾದರೆ ಹೋಗಿಬರಲು ಸುಮಾರು 90 ಕಿ.ಮೀ.; ದಿನಕ್ಕೊಂದೇ ಸಲ ಬಂದರೂ ವರ್ಷಕ್ಕೆ 9,000 ಕಿ.ಮೀ. ದಾಟುತ್ತದೆ. ಇಂಧನದ ಬಿಲ್ಲು ಹೇಗೋ ಪಾಸಾದೀತು, ನಡುರಾತ್ರಿ ಕಾಗದ ಬದಲಿಸುವವರು ಯಾರು? ಊರಿನ ಪದವಿ ಕಾಲೇಜಿನಲ್ಲೇ ಒಬ್ಬರನ್ನು ತಯಾರು ಮಾಡುವುದು ಅಗ್ಗ. ಅಲ್ಲದೆ ಹುಲ್ಲಿನ ಬೆಂಕಿ ಒಂದು ಸಂಜೆಯ ಆಟ. ಉಳಿದ 261 ದಿನಗಳಲ್ಲಿ ಹಚ್ಚಿದರೆ ಮಾಪಕಕ್ಕೆ ಸುಳಿವೇ ಸಿಗದು. ಆದ್ದರಿಂದ ಕೊಯ್ಲಿನ ತಿಂಗಳುಗಳ ಮಟ್ಟಿಗಾದರೂ ದಿನವೂ ಅಳೆಯುವ ಖರ್ಚನ್ನು ಬೇರೆಯೇ ತೆಗೆದಿಡಬೇಕು.

ಎರಡನೆಯದು ಹುಲ್ಲು ಸುತ್ತಿ ಕಟ್ಟುವ ಯಂತ್ರ. ಎಡದಂಡೆ ನಾಲೆಯ ಕೆಳಭಾಗದ ರೈತ ಹುಲ್ಲಿಗೆ ಬೆಂಕಿ ಇಡುವುದು ಮೋಜಿಗಲ್ಲ. ನೀರು ಬಿಟ್ಟಾಗಲೇ ಎರಡನೇ ಬೆಳೆಗೆ ಗದ್ದೆ ಮಾಡಿಕೊಳ್ಳಬೇಕು, ಆಳು ಸಿಗುವುದಿಲ್ಲ, ಕಾದರೆ ಕಾಲುವೆ ಒಣಗುತ್ತದೆ. ಎಷ್ಟು ಎಕರೆ, ಎಷ್ಟು ದಿನದ ಬಿಡುವು, ಅಷ್ಟರೊಳಗೆ ಎಷ್ಟು ಯಂತ್ರ ಬೇಕು ಎಂಬುದು ಕೃಷಿ ಇಲಾಖೆ ಒಂದು ಮಧ್ಯಾಹ್ನ ಕುಳಿತು ಮಾಡಬಹುದಾದ ಗಣಿತ. ರೈತನ ಮೇಲೆ ದಂಡ ಹಾಕುವ ಸುತ್ತೋಲೆಯನ್ನು ಅದಕ್ಕೂ ಮೊದಲು ಹೊರಡಿಸಬಾರದು.

ಗಿರಣಿಗಳ ಚಿಮಣಿ ತಪಾಸಣೆಗೆ ಹೊಸ ಕಾನೂನು ಬೇಡ, ಬಂದು ನೋಡುವ ಸಿಬ್ಬಂದಿ ಸಾಕು. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಪುಸ್ತಕದಲ್ಲಿ ಉಬ್ಬಸದವರನ್ನು ತಿಂಗಳವಾರು ಬೇರೆ ಬರೆದಿಡಲು ಹಣವೇ ಬೇಕಿಲ್ಲ.

ಮಾಪಕ ಮಾತ್ರ ಕೊಯ್ಲಿಗೆ ಮೊದಲೇ ಬಂದು ಕೂರಬೇಕು. ಬೆಂಕಿ ಆರಿದ ಮೇಲೆ ಬಂದರೆ, ಮಾನ್ವಿಯ ಗಾಳಿ ಚೆನ್ನಾಗಿದೆ ಎಂದು ಬರೆದುಕೊಂಡು ವಾಪಸ್ ಹೋಗುತ್ತದೆ.