ಸಂಪಾದಕರ ಮಾತು: ಕೊಲೆಯ ಕಥೆಗೊಂದು ಮೀಮಾಂಸೆ

ಪತ್ತೇದಾರಿ ಕಾದಂಬರಿಯನ್ನು ಓದದೆಯೇ ಅದರ ಮೇಲೆ ತೀರ್ಪು ಕೊಡುವುದು ಕನ್ನಡ ವಿಮರ್ಶೆಯ ಹಳೆಯ ಚಾಳಿ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ತೊಡಗಿ ನೂರಾರು ಕಾದಂಬರಿಗಳನ್ನು ಬರೆದು, ಸಾಹಿತ್ಯದ ಗೊಡವೆಯೇ ಇಲ್ಲದವರನ್ನೂ ಓದುಗರನ್ನಾಗಿಸಿದ ಎನ್. ನರಸಿಂಹಯ್ಯನವರ ಬಗ್ಗೆ ವಿದ್ವತ್ ವಲಯ ತೋರಿದ ಉಪೇಕ್ಷೆ ಸಣ್ಣದಲ್ಲ. ಆದರೆ ಅದಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಹೊಗಳಿಕೆಯ ವೇಷದ ತಿರಸ್ಕಾರ: ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನೋ ಉಂಬರ್ಟೊ ಎಕೋನ ‘ದ ನೇಮ್ ಆಫ್ ದ ರೋಸ್’ ಕೃತಿಯನ್ನೋ ಮೆಚ್ಚಬೇಕಾದಾಗ, ಅವು ಕೇವಲ ಪತ್ತೇದಾರಿಯಲ್ಲ ಎಂದು ಮೊದಲು ಶುದ್ಧಿ ಮಾಡಿ, ಆಮೇಲೆ ಒಳಗೆ ಕರೆದುಕೊಳ್ಳುವ ಕ್ರಮ. ಈ ಮಡಿಗೆ ಸೈದ್ಧಾಂತಿಕ ಆಧಾರವೇ ಇಲ್ಲ.

ಸಾಹಿತ್ಯ ಸಿದ್ಧಾಂತಿ ತ್ಸ್ವೆತಾನ್ ಟೊಡೊರೊವ್ 1966ರಲ್ಲಿಯೇ ತೋರಿಸಿದಂತೆ, ಪತ್ತೇದಾರಿ ಕಾದಂಬರಿಯಲ್ಲಿ ನಡೆದುಹೋದ ಅಪರಾಧದ ಕಥೆ, ನಡೆಯುತ್ತಿರುವ ತನಿಖೆಯ ಕಥೆ ಎಂಬ ಎರಡು ಕಥೆಗಳಿರುತ್ತವೆ. ರಷ್ಯದ ರೂಪನಿಷ್ಠ ವಿಮರ್ಶಕರು ಫ್ಯಾಬುಲಾ, ಅಂದರೆ ಘಟನೆಗಳು ಸಂಭವಿಸಿದ ಕ್ರಮ, ಮತ್ತು ಸ್ಯುಜೆಟ್, ಅಂದರೆ ಅವು ಓದುಗನಿಗೆ ದೊರಕುವ ಕ್ರಮ, ಎಂದು ಗುರುತಿಸಿದ ಭೇದ ಇಲ್ಲಿ ಕಥೆಯ ಮೈಮೇಲೆಯೇ ಕಾಣಿಸಿಕೊಳ್ಳುತ್ತದೆ. ಉಳಿದ ಕಾದಂಬರಿಗಳು ಮರೆಮಾಡುವ ನಿರೂಪಣೆಯ ಯಂತ್ರವನ್ನು ಈ ಪ್ರಕಾರ ಬಿಚ್ಚಿಟ್ಟು ನಡೆಸುತ್ತದೆ.

ಸಂಕೇತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಎಕೋ 1980ರಲ್ಲಿ ‘ದ ನೇಮ್ ಆಫ್ ದ ರೋಸ್’ ಪ್ರಕಟಿಸಿ, 1983ರಲ್ಲಿ ಅದರ ರಚನೆಯನ್ನು ತಾನೇ ವಿವೇಚಿಸಿದಾಗ, ಪತ್ತೇದಾರಿ ಕಥಾನಕವನ್ನು ಆರಿಸಿಕೊಂಡದ್ದು ಅದು ಅತ್ಯಂತ ತಾತ್ತ್ವಿಕವಾದದ್ದೆಂಬ ಕಾರಣಕ್ಕೆ ಎಂದನು. ಅವನ ಸನ್ಯಾಸಿ ಪತ್ತೇದಾರ ವಿಲಿಯಂ, ಮಠದ ಸಾವುಗಳು ಬೈಬಲ್ಲಿನ ಪ್ರಳಯ ವರ್ಣನೆಯ ಕ್ರಮವನ್ನು ಅನುಸರಿಸುತ್ತಿವೆಯೆಂದು ಊಹಿಸುತ್ತಾನೆ; ಅಂಥ ಯೋಜನೆ ಇರಲೇ ಇಲ್ಲವಾದರೂ ಆ ತಪ್ಪು ಊಹೆಯೇ ಅವನನ್ನು ಅಪರಾಧಿಯ ಬಳಿಗೆ ಒಯ್ಯುತ್ತದೆ. ಸುಳಿವಿನಿಂದ ಊಹೆಗೆ ನೆಗೆಯುವ, ತತ್ತ್ವಜ್ಞಾನಿ ಪರ್ಸ್ ‘ಅಬ್ಡಕ್ಷನ್’ ಎಂದು ಕರೆದ ತರ್ಕದ ಶಕ್ತಿ ಮತ್ತು ಮಿತಿಗಳೆರಡೂ ಇಲ್ಲಿ ಕಥೆಯಾಗಿವೆ. ಪತ್ತೇದಾರಿಯನ್ನು ಕಳಚಿದರೆ ಈ ಚಿಂತನೆಯೂ ಕಳಚಿ ಬೀಳುತ್ತದೆ. 1985ರ ‘ಚಿದಂಬರ ರಹಸ್ಯ’ದಲ್ಲೂ ಹಾಗೆಯೇ: ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟನ್ನು ಬೆನ್ನಟ್ಟಿದ ತನಿಖೆ ಕೆಸರೂರಿನ ಜಾತಿ, ಮತ, ವ್ಯಾಪಾರಗಳ ಸಿಕ್ಕುಗಳೊಳಗೆ ಸಾಗುವುದರಿಂದಲೇ, ಅಪರಾಧಿ ಒಬ್ಬನೇ ಇರಬೇಕೆಂಬ ಓದುಗನ ನಿರೀಕ್ಷೆ ಕುಸಿಯುತ್ತದೆ.

ಈ ಸಂಚಿಕೆ ಪತ್ತೇದಾರಿ ಕಾದಂಬರಿಗೆ ಮೀಸಲು. ಕೊಲೆಯ ಕಥೆ ಬರೆಯುವವರು ಸಿದ್ಧಾಂತಕ್ಕೆ ಅಂಜಬೇಕಿಲ್ಲ. ಸಿದ್ಧಾಂತ ಬಲ್ಲವರು ಆ ಕಥೆಗಳನ್ನು ಓದದೆ ಕಾದಂಬರಿಯ ಬಗ್ಗೆ ಅಧಿಕಾರದಿಂದ ಮಾತನಾಡುವುದು ಇನ್ನಾದರೂ ನಿಲ್ಲಬೇಕು.