ಸಂದರ್ಶನದ ವಿಡಿಯೋ ಇದ್ದರೆ ಸುದ್ದಿ ನಿಜವೇ? ಆಂಡರ್ಸನ್‌ಪೇಟೆಯ ಸೈನೈಡ್ ಗುಡ್ಡದ ಉದಾಹರಣೆ

"ನೋಡಿ, ಅಲ್ಲಿನವರೇ ಹೇಳ್ತಿದ್ದಾರೆ!" ಇಂಥ ಸಾಲಿನ ಜೊತೆ ಬರುವ ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರುತ್ತದೆ. ಯಾರೋ ಮೈಕ್ ಹಿಡಿದಿರುತ್ತಾರೆ, ಊರಿನವರೊಬ್ಬರು ಮಾತಾಡುತ್ತಾರೆ, ಮೂವತ್ತು ಸೆಕೆಂಡಿಗೆ ಮುಗಿಯುತ್ತದೆ. ಬರಹದ ಫಾರ್ವರ್ಡ್ ಬಂದರೆ ಅನುಮಾನಪಡುವ ನಾವು ಮುಖ ಕಂಡ ಕೂಡಲೇ ನಂಬಿಬಿಡುತ್ತೇವೆ.

ತಿರುಚದ ವಿಡಿಯೋ ಕೂಡ ಸಾಬೀತು ಮಾಡುವುದು ಒಂದನ್ನೇ: ಅವರು ಹಾಗೆ ಹೇಳಿದರು. ಹೇಳಿದ್ದು ನಿಜವೇ ಎಂಬುದು ಬೇರೆ ಪ್ರಶ್ನೆ. ಈ ವ್ಯತ್ಯಾಸ ತಿಳಿಯಬೇಕಾದರೆ ಒಂದು ಸಂದರ್ಶನ ಹೇಗೆ ತಯಾರಾಗುತ್ತದೆ ಎಂದು ನೋಡಬೇಕು. ಪತ್ರಿಕೋದ್ಯಮ ವಿದ್ಯಾರ್ಥಿಗಳ ತಂಡವೊಂದು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಐದು ನಿಮಿಷದ ಸುದ್ದಿ ಸಂದರ್ಶನ ಮಾಡಲು ಹೊರಟಿದೆ, ವಿಷಯ ಸೈನೈಡ್ ಗುಡ್ಡದ ಧೂಳು ಎಂದುಕೊಳ್ಳೋಣ.

ಗುಡ್ಡದಲ್ಲಿ ಏನಿದೆ?

ಕೋಲಾರ ಚಿನ್ನದ ಗಣಿಯಲ್ಲಿ ಅದಿರಿನ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ಉಳಿದ ಪುಡಿಯನ್ನು ಊರಿನ ಪಕ್ಕದಲ್ಲೇ ಗುಡ್ಡೆ ಹಾಕಿದರು. 2001ರಲ್ಲಿ ಗಣಿ ಮುಚ್ಚಿತು, ಪುಡಿ ಅಲ್ಲೇ ಉಳಿಯಿತು. ಹದಿಮೂರು ಗುಡ್ಡ, ಸುಮಾರು ಸಾವಿರ ಎಕರೆ, ಸುಮಾರು 3.3 ಕೋಟಿ ಟನ್. ಅದರಲ್ಲಿ ಉಳಿದಿರುವ ಚಿನ್ನಕ್ಕಾಗಿ ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗುಡ್ಡ ಅಗೆದರೆ ಧೂಳು ಏಳುತ್ತದೆ. ಆದ್ದರಿಂದ ಇದು ಮುಗಿದುಹೋದ ಕಥೆಯಲ್ಲ.

ಹೆಸರು ಕೇಳಿದವರಿಗೆ ಮೊದಲು ಹೊಳೆಯುವುದು ವಿಷ. ಆದರೆ ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ಒಡೆಯುತ್ತದೆ. ಕೆಲವು ಲೋಹಗಳಿಗೆ ಬಿಗಿಯಾಗಿ ಅಂಟಿಕೊಂಡದ್ದು ಹೆಚ್ಚು ಕಾಲ ಉಳಿಯಬಹುದು. ಎಷ್ಟು ಉಳಿದಿದೆ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಒಡೆಯದೆ ಉಳಿಯುವುದು ಕಲ್ಲಿನ ನಯವಾದ ಪುಡಿ. ಅದರಲ್ಲಿರುವ ಸಿಲಿಕಾದ ಅತಿಸೂಕ್ಷ್ಮ ಕಣಗಳು ವರ್ಷಗಟ್ಟಲೆ ಉಸಿರಿನ ಜೊತೆ ಒಳಹೋದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗಿ ಸಿಲಿಕೋಸಿಸ್ ಬರಬಹುದು. ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚುತ್ತದೆ.

ಕ್ಯಾಮೆರಾ ಹೊರತೆಗೆಯುವ ಮೊದಲು ತಂಡ ಇಷ್ಟನ್ನು ಓದಿಕೊಂಡಿರಬೇಕು. ಇಲ್ಲದಿದ್ದರೆ "ಸೈನೈಡ್ ಇದೆಯಾ?" ಎಂದಷ್ಟೇ ಕೇಳಿ ವಾಪಸಾಗುತ್ತದೆ. ಧೂಳಿನ ಮಾತು ಬರುವುದೇ ಇಲ್ಲ.

ಯಾರು ಯಾವುದಕ್ಕೆ ಸಾಕ್ಷಿ?

ಯೋಜನೆಯ ಮುಖ್ಯ ಭಾಗ ಯಾರನ್ನು ಏನು ಕೇಳಬೇಕು ಎಂಬ ಪಟ್ಟಿ. ಗಣಿಯಲ್ಲಿ ದುಡಿದ ಹಿರಿಯರು ತಮ್ಮ ಕೆಮ್ಮು ಯಾವಾಗ ಶುರುವಾಯಿತು ಎಂದು ಹೇಳಬಲ್ಲರು. ಅದಕ್ಕೆ ಗುಡ್ಡದ ಧೂಳೇ ಕಾರಣವೇ ಎಂದು ಅವರೂ ಖಚಿತವಾಗಿ ಹೇಳಲಾರರು. ವರ್ಷಗಟ್ಟಲೆ ನೆಲದಾಳದಲ್ಲಿ ಕಲ್ಲು ಕೊರೆದ ಧೂಳು, ಹಳೆಯ ಕ್ಷಯ, ಬೀಡಿ, ಗುಡ್ಡದ ಪುಡಿ, ಯಾವುದೂ ಇರಬಹುದು. ಅದನ್ನು ಎಕ್ಸ್‌ರೇ ನೋಡಿದ, ಕೆಲಸದ ಹಿನ್ನೆಲೆ ಕೇಳಿದ ವೈದ್ಯರು ಹೇಳಬೇಕು. ಗಣಿಗೆ ಎಂದೂ ಇಳಿಯದೆ ಗುಡ್ಡದ ಪಕ್ಕ ಬಾಳಿದ ಗೃಹಿಣಿಯ ಅನುಭವ ಬೇರೆಯದೇ ಸಾಕ್ಷಿ, ಅದನ್ನೂ ಕೇಳಬೇಕು.

ಗಾಳಿಯಲ್ಲಿ ಎಷ್ಟು ಧೂಳಿದೆ ಎಂಬುದು ಅಳತೆಯ ಮಾತು. ದೇಶದ ಮಾನದಂಡದ ಪ್ರಕಾರ 10 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ಕಣಗಳ 24 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಬಾರದು. ಅಳತೆ ಎಲ್ಲಿ, ಯಾವ ತಿಂಗಳು ಮಾಡಿದ್ದೀರಿ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬೇಕು. ಮಳೆಗಾಲದ ಅಳತೆ ತೋರಿಸಿ ಬೇಸಿಗೆಯ ಧೂಳಿಗೆ ಉತ್ತರ ಕೊಡಲಾಗದು.

ಪ್ರಶ್ನೆಯೇ ಉತ್ತರವನ್ನು ಬದಲಿಸುತ್ತದೆ

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ ವೇಗ ಕೇಳಿದರು. ಕಾರುಗಳು "ಅಪ್ಪಳಿಸಿದಾಗ" ಎಂಬರ್ಥದ ಪದ ಬಳಸಿ ಕೇಳಿದಾಗ ಬಂದ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. "ತಾಗಿದಾಗ" ಎಂಬರ್ಥದ ಪದಕ್ಕೆ ಸುಮಾರು 32. ನೋಡಿದ್ದು ಅದೇ ಚಿತ್ರ, ಬದಲಾದದ್ದು ಒಂದೇ ಪದ.

"ತಾತ, ಈ ವಿಷದ ಧೂಳಿಂದ ನಿಮಗೆ ಎಷ್ಟು ತೊಂದರೆ ಆಗಿದೆ?" ಎಂದು ಕೇಳಿದರೆ ವಿಷ, ತೊಂದರೆ ಎರಡನ್ನೂ ನಾವೇ ಬಾಯಿಗಿಟ್ಟಂತೆ. "ತಾತ, ಗಾಳಿ ಜೋರಾಗಿ ಬೀಸಿದ ದಿನ ಮನೇಲಿ ಏನಾಗುತ್ತೆ?" ಎಂದರೆ ಅವರು ಕಂಡದ್ದನ್ನು ಹೇಳುತ್ತಾರೆ. ಕಿಟಕಿ ಮುಚ್ಚುವುದು, ಒಣಹಾಕಿದ ಬಟ್ಟೆಯ ಮೇಲೆ ಪುಡಿ ಕೂರುವುದು. ಫಾರ್ವರ್ಡ್ ವಿಡಿಯೋದಲ್ಲಿ ಸಾಮಾನ್ಯವಾಗಿ ಉತ್ತರ ಇರುತ್ತದೆ, ಪ್ರಶ್ನೆ ಕತ್ತರಿಸಿ ಹೋಗಿರುತ್ತದೆ.

'ಅಂತೆ' ಬಿದ್ದುಹೋದರೆ

ಆಂಡರ್ಸನ್‌ಪೇಟೆಯಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಎಲ್ಲವೂ ಕೇಳಿಸುತ್ತದೆ. ಒಬ್ಬರು ತಮಿಳಿನಲ್ಲಿ ಮಾತಾಡಿದರೆ ಕೆಳಗೆ ಕನ್ನಡದ ಸಾಲು ಹಾಕಬೇಕು. ತಮಿಳಿನ ವಾಕ್ಯದ ಕೊನೆಗೆ ಬರುವ 'ಆಮ್', ತೆಲುಗಿನ 'ಅಟ' ಎರಡೂ ನಮ್ಮ 'ಅಂತೆ'ಯ ಹಾಗೆ. "ಆ ಬೀದಿಯಲ್ಲಿ ಇಬ್ಬರು ಸತ್ತರಂತೆ" ಎಂದದ್ದು "ಇಬ್ಬರು ಸತ್ತರು" ಎಂದಾದರೆ ಕೇಳಿದ ಮಾತು ಕಣ್ಣಾರೆ ಕಂಡದ್ದಾಗಿಬಿಡುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಸುಳ್ಳು ಸುದ್ದಿ ಸಿದ್ಧ. ಆ ಭಾಷೆ ಗೊತ್ತಿರುವ ಇನ್ನೊಬ್ಬರಿಂದ ಸಾಲುಗಳನ್ನು ಪರಿಶೀಲಿಸುವುದು ಅದಕ್ಕೇ ಕಡ್ಡಾಯ.

ಚಿತ್ರೀಕರಣ ಮತ್ತು ಕತ್ತರಿ

ತಾಂತ್ರಿಕ ಕೆಲಸ ಸರಳ. ಫೋನನ್ನು ಅಡ್ಡಲಾಗಿ ಹಿಡಿದು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಏರೋಪ್ಲೇನ್ ಮೋಡ್‌ಗೆ ಹಾಕಬೇಕು. ಗುಡ್ಡದ ಹತ್ತಿರ ಗಾಳಿಯ ಸದ್ದು ಮಾತನ್ನು ನುಂಗುವುದರಿಂದ ಕಾಲರ್ ಮೈಕ್ ಬೇಕು. ವಿಡಿಯೋ ಎಲ್ಲಿ ಹೋಗುತ್ತದೆ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ದಿನಾಂಕ, ಸ್ಥಳವನ್ನು ಕ್ಯಾಮೆರಾದಲ್ಲೇ ಹೇಳಿಸಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಸಂಕಲನದಲ್ಲಿ. ಮಾತಿನ ನಡುವೆ ಗುಡ್ಡದ ದೃಶ್ಯ ಹಾಕುವುದು ಕಣ್ಣಿಗೆ ಚೆನ್ನ, ಆದರೆ ಮಾತು ಕತ್ತರಿಸಿದ ಜಾಗವನ್ನೂ ಅದೇ ದೃಶ್ಯ ಮುಚ್ಚುತ್ತದೆ. ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖಭಾವದ ಪಕ್ಕ ಬೇರೆ ಬೇರೆ ದೃಶ್ಯಗಳನ್ನು ಜೋಡಿಸಿ, ನೋಡುವವರು ಪಕ್ಕದ ದೃಶ್ಯಕ್ಕೆ ತಕ್ಕಂತೆ ಮುಖದಲ್ಲಿ ಅರ್ಥ ಕಾಣುತ್ತಾರೆ ಎಂದು ತೋರಿಸಿದ. ವೃದ್ಧರೊಬ್ಬರ ಕೆಮ್ಮಿನ ಪಕ್ಕ ಗುಡ್ಡ ತೋರಿಸಿದರೆ ಕಾರಣವನ್ನು ನಾವು ಹೇಳಬೇಕಿಲ್ಲ, ನೋಡುವವರೇ ಜೋಡಿಸಿಕೊಳ್ಳುತ್ತಾರೆ.

ತಂಡ ಎರಡು ನಿಯಮ ಪಾಲಿಸಿದರೆ ಸಾಕಷ್ಟು ಅನಾಹುತ ತಪ್ಪುತ್ತದೆ: ಪ್ರತಿ ಉತ್ತರದ ಜೊತೆ ಪ್ರಶ್ನೆಯನ್ನೂ ಉಳಿಸುವುದು, ಕತ್ತರಿಸದ ಮೂಲ ಫೈಲ್ ಅನ್ನು ಜೋಪಾನ ಮಾಡುವುದು.

ಫಾರ್ವರ್ಡ್ ಮಾಡುವ ಮುನ್ನ

ಇಂಥ ವಿಡಿಯೋ ಬಂದಾಗ ನಾವು ಕೇಳಿಕೊಳ್ಳಬೇಕಾದದ್ದು ಇಷ್ಟು:

• ಇವರು ಕಂಡದ್ದನ್ನು ಹೇಳುತ್ತಿದ್ದಾರೋ, ಕೇಳಿದ್ದನ್ನೋ?
• ಇವರಿಗೆ ಕೇಳಿದ ಪ್ರಶ್ನೆ ಏನು?
• ಕಾರಣ ಹೇಳಬಲ್ಲವರು ವಿಡಿಯೋದಲ್ಲಿ ಇದ್ದಾರೆಯೇ?
• ಯಾವಾಗ, ಎಲ್ಲಿ ತೆಗೆದದ್ದು?

"ಒಳ್ಳೆಯ ಉದ್ದೇಶಕ್ಕೆ ತಾನೇ, ಸ್ವಲ್ಪ ಹೆಚ್ಚಾದರೇನು?" ಎನ್ನಬಹುದು. ನಷ್ಟ ಆಗುವುದು ಅಲ್ಲಿ ಬದುಕುವವರಿಗೇ. "ಗಾಳಿಯಲ್ಲಿ ಸೈನೈಡ್ ಬರುತ್ತಿದೆ" ಎಂಬ ವಿಡಿಯೋ ಹರಡಿ, ಪರೀಕ್ಷೆಯಲ್ಲಿ ಅದು ಸಿಗದೆ ಹೋದರೆ "ಎಲ್ಲ ವದಂತಿ" ಎಂದು ಕಡತ ಮುಚ್ಚುವುದು ಸುಲಭ. ಆಗ ಧೂಳಿನ ನಿಜವಾದ ದೂರೂ ಅದರ ಜೊತೆ ಮುಚ್ಚಿಹೋಗುತ್ತದೆ. ಕಿಟಕಿ ಮುಚ್ಚಿ ಕುಳಿತವರ ಮಾತು ಸಂಬಂಧಪಟ್ಟವರಿಗೆ ತಲುಪಬೇಕಾದರೆ, ಅವರು ಹೇಳಿದಷ್ಟನ್ನೇ, ಹೇಳಿದ ಹಾಗೆಯೇ ತಲುಪಿಸಬೇಕು.