ಉಜ್ಜೀವನ ಬೇಕು, ಆದರೆ ಸುವಾರ್ತಿಕರ ಬಸ್ ಪಾಸಿಗೆ ದುಡ್ಡಿಲ್ಲ!

ಕಳೆದ ತಿಂಗಳು ನಮ್ಮ ಕನ್ನಡ ಸಭೆಯ ಕಮಿಟಿ ಮೀಟಿಂಗಿನಲ್ಲಿ ಎರಡು ವಿಷಯಗಳಿದ್ದವು. ಒಂದು, ಹಾಲಿಗೆ ಹೊಸ ಸೌಂಡ್ ಸಿಸ್ಟಮ್. ಇನ್ನೊಂದು, ಕೂಲಿಯವರ ನಡುವೆ ಸೇವೆ ಮಾಡುವ ಸುವಾರ್ತಿಕರಿಗೆ ಕೊಡುವ ತಿಂಗಳ ಸಹಾಯವನ್ನು ಸ್ವಲ್ಪ ಹೆಚ್ಚಿಸುವುದು. ಮೊದಲನೆಯದಕ್ಕೆ ಹತ್ತೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಎರಡನೆಯದನ್ನು "ಮುಂದಿನ ಸಲ ನೋಡೋಣ" ಅಂತ ಬದಿಗಿಟ್ಟರು. ಕೊನೆಗೆ ಹಿರಿಯರೊಬ್ಬರು, ಈ ಊರಿನಲ್ಲಿ ಉಜ್ಜೀವನ ಕಳುಹಿಸು ಕರ್ತನೇ ಎಂದು ಕಣ್ಣೀರಿಟ್ಟು ಪ್ರಾರ್ಥಿಸಿದರು. ನಾನೂ ಜೋರಾಗಿಯೇ ಆಮೆನ್ ಅಂದೆ. ಮೀಟಿಂಗಿನಲ್ಲಿ ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಮನೆಗೆ ಬಂದ ಮೇಲೆ ಆ ಆಮೆನ್ ಚುಚ್ಚತೊಡಗಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಎಷ್ಟೊಂದು ಜನ ಬರುತ್ತಾರೆ ಅಂತ ಇಲ್ಲಿರುವ ನಿಮಗೆ ಹೇಳಬೇಕಿಲ್ಲ. ಬೆಳಿಗ್ಗೆ ನಾಕಾದಲ್ಲಿ ನಿಂತವರ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಊರೇ ನೆನಪಾಗುತ್ತದೆ. ನಮ್ಮ ಸುವಾರ್ತಿಕರು ಸಂಜೆ ಅವರ ತಗಡಿನ ಶೆಡ್ಡುಗಳಿಗೆ ಹೋಗುತ್ತಾರೆ. ರೊಟ್ಟಿ ಬಡಿಯುವುದು ಮುಗಿಯುವ ತನಕ ಕಾಯುತ್ತಾರೆ. ಕೇಳುವ ಮನಸ್ಸಿದ್ದವರಿಗೆ ಅವರದೇ ಕನ್ನಡದಲ್ಲಿ ಯೇಸುವಿನ ಕಥೆ ಹೇಳುತ್ತಾರೆ. ಯಾರಿಗಾದರೂ ಜ್ವರ ಬಂದಿದ್ದರೆ ದವಾಖಾನೆಗೆ ಜೊತೆಯಲ್ಲಿ ಹೋಗುತ್ತಾರೆ. ಎರಡು ಬಸ್ಸು ಬದಲಾಯಿಸಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತಾರೆ. ಎಸಿ ಹಾಲಿನಲ್ಲಿ ಕೂತು ಉಜ್ಜೀವನ ಬೇಡುವ ನಾವು, ಅದು ಯಾವ ದಾರಿಯಲ್ಲಿ ಬರಬೇಕು ಅಂದುಕೊಂಡಿದ್ದೇವೆ?

ಉಜ್ಜೀವನ ಎಂದ ಕೂಡಲೇ ನಮಗೆ 1904ರ ವೇಲ್ಸ್ ದೇಶ ನೆನಪಾಗುತ್ತದೆ. ಅಷ್ಟು ದೂರ ಯಾಕೆ ಹೋಗಬೇಕು? ಕಲಬುರಗಿಯಿಂದ ಪುಣೆಗೆ ಬರುವ ರೈಲು ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸ್ಟೇಷನ್ ಸಿಗುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲೇ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಅಂದರೆ ಈಗಿನ ಕರ್ನಾಟಕದ ನೆಲದಲ್ಲಿ. ಬರಗಾಲದಲ್ಲಿ ಹಸಿವೆಂದರೇನು ಎಂದು ಸ್ವತಃ ಕಂಡವರು. ಮುಂದೆ ಬರ ಬಿದ್ದಾಗ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದು ಕೇಡಗಾಂವಿನಲ್ಲಿ ನೂರಾರು ಮಂದಿಗೆ ಅನ್ನ, ಅಕ್ಷರ, ಕೈಕೆಲಸ ಕೊಟ್ಟರು.

1905ರ ಜನವರಿಯಲ್ಲಿ ಅವರು ಉಜ್ಜೀವನಕ್ಕಾಗಿ ದಿನಾಲೂ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದು ಕೇಳಿದಾಗ ಮುಂದೆ ಬಂದವರು 70 ಮಂದಿ. ಜೂನ್ ಹೊತ್ತಿಗೆ 550 ಮಂದಿ ದಿನಕ್ಕೆ ಎರಡು ಬಾರಿ ಕೂಡುತ್ತಿದ್ದರು. ಆ ಜೂನ್ ಕೊನೆಯಲ್ಲಿ ಉಜ್ಜೀವನ ಆರಂಭವಾಯಿತು. ಅಲ್ಲಿ ಅತ್ತರು, ಪಾಪ ಅರಿಕೆ ಮಾಡಿದರು. ಅಲ್ಲಿಗೇ ನಿಲ್ಲಲಿಲ್ಲ. ಅದೇ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆ ಹೇಳಲು ಹೊರಟರು. ನನಗೆ ಮುಖ್ಯವಾಗಿ ಕಾಣುವುದು ಇದೇ. ಮೊದಲು ಅನ್ನ, ಆಮೇಲೆ ಮೊಣಕಾಲು, ಆಮೇಲೆ ಹಳ್ಳಿಯ ದಾರಿ. ನಾವು ನಡುವಿನದೊಂದನ್ನೇ ಹಿಡಿದುಕೊಂಡು ಕೂತಿದ್ದೇವೆ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹತ್ತನೇ ಅಧ್ಯಾಯವನ್ನು ನಾವು ಸುವಾರ್ತಿಕರಿಗೆ ಬುದ್ಧಿ ಹೇಳಲು ಓದುತ್ತೇವೆ. ಆದರೆ ಅಲ್ಲಿ ಸಾರುವವನ ಹಿಂದೆ ಅವನನ್ನು ಕಳುಹಿಸುವವರೂ ಇದ್ದಾರೆ. ಫಿಲಿಪ್ಪಿಯ ಸಭೆಯವರು ಪೌಲನಿಗೆ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳುಹಿಸಿದರು. ಅವರೆಲ್ಲ ಪೌಲನಂತೆ ಊರೂರು ಸುತ್ತಲಿಲ್ಲ. ಆದರೂ ಆ ಸೇವೆಯಲ್ಲಿ ಅವರ ಪಾಲು ಇದೆ. ನಮ್ಮಂಥ ಆಫೀಸಿನವರಿಗೆ ಇದಕ್ಕಿಂತ ಸಮಾಧಾನದ ಮಾತು ಬೇರೆ ಯಾವುದಿದೆ?

"ಈಗಿನ ಕಾಲ ಸರಿಯಿಲ್ಲ, ಮತಾಂತರದ ಗಲಾಟೆ, ಸುಮ್ಮನಿರುವುದೇ ಕ್ಷೇಮ" ಅನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಲವು ರಾಜ್ಯಗಳಲ್ಲಿ ಇದಕ್ಕೆ ಪ್ರತ್ಯೇಕ ಕಾನೂನುಗಳಿವೆ. ವಿಶ್ವಾಸಿಗಳಾದ ನಮಗೂ ಈ ಗೆರೆ ತಿಳಿದಿರಬೇಕು. ಹೇಳುವುದಷ್ಟೇ ನಮ್ಮ ಕೆಲಸ, ಹೃದಯ ಮುಟ್ಟುವುದು ದೇವರ ಕೆಲಸ. ಅಕ್ಕಿ ಚೀಲ ತೋರಿಸಿ ಕರೆಯುವುದು, ನಿಮ್ಮ ದೇವರು ಹೀಗೆ ಹಾಗೆ ಎಂದು ಹೀಯಾಳಿಸುವುದು ಸುವಾರ್ತೆಯೇ ಅಲ್ಲ. ಜ್ವರ ಬಂದವನನ್ನು ದವಾಖಾನೆಗೆ ಕರೆದೊಯ್ಯುವಾಗ ಅವನು ನಾಳೆ ಸಭೆಗೆ ಬರುತ್ತಾನೋ ಇಲ್ಲವೋ ಎಂದು ಲೆಕ್ಕ ಹಾಕಬಾರದು.

ಇನ್ನು ಕೆಲವರದು ದುಡ್ಡಿನ ಅನುಮಾನ. ಟಿವಿ ಪ್ರಸಂಗಿಗಳನ್ನು ನೋಡಿ ಬೇಸತ್ತವರ ಮಾತು ನನಗೂ ಅರ್ಥವಾಗುತ್ತದೆ. ಹಾಗಾದರೆ ಲೆಕ್ಕ ಕೇಳೋಣ, ತಿಂಗಳಿಗೊಮ್ಮೆ ಅವರ ಜೊತೆ ಶೆಡ್ಡಿಗೆ ಹೋಗಿ ಬರೋಣ. ಕಣ್ಣಾರೆ ಕಂಡ ಮೇಲೂ ಕೈ ಬಿಗಿಹಿಡಿದರೆ ಅದು ಅನುಮಾನವಲ್ಲ, ಜಿಪುಣತನ.

ನಾನು ಮಾಡಿದ್ದಿಷ್ಟು. ಮೂರು ಮನೆಯವರು ಸೇರಿ ಸುವಾರ್ತಿಕರ ಬಸ್ ಪಾಸು ಮತ್ತು ಮಗಳ ಸ್ಕೂಲ್ ಫೀಸು ವಹಿಸಿಕೊಂಡೆವು. ಬುಧವಾರ ರಾತ್ರಿ ನಮ್ಮ ಮನೆಯಲ್ಲಿ ಅರ್ಧ ಗಂಟೆ ಪ್ರಾರ್ಥನೆ. ಮೈಕಿಲ್ಲ, ಕೀಬೋರ್ಡಿಲ್ಲ. ಮೊದಲ ವಾರ ಐದು ಜನ ಬಂದಿದ್ದೆವು, ಕಳೆದ ವಾರ ನಾಲ್ಕು. ಉಜ್ಜೀವನ ಬರುತ್ತದೆಯೇ? ಅದರ ದಿನ ಗೊತ್ತುಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಬರಲಿ ಎಂದು ಬೇಡುವವನು ಬಾಗಿಲನ್ನಾದರೂ ತೆರೆದಿಡಬೇಕಲ್ಲವೇ?

ಮುಂದಿನ ಮೀಟಿಂಗಿನಲ್ಲಿ ಆ ಎರಡನೇ ವಿಷಯವನ್ನು ನಾನೇ ಎತ್ತುತ್ತೇನೆ. ಮುಂಬೈ, ಹೈದರಾಬಾದ್, ಚೆನ್ನೈಗಳ ಕನ್ನಡ ಸಭೆಗಳಲ್ಲಿರುವ ನೀವೂ ನಿಮ್ಮ ನಿಮ್ಮಲ್ಲಿ ಎತ್ತುತ್ತೀರಾ?